ಮನೆಯ ಅರ್ಥಿಂಗ್: ಮೀಟರ್ ಬೋರ್ಡಿನಿಂದ ಗುಂಡಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೈರಿಂಗ್ ಕೆಲಸಕ್ಕೆ ಹೋದ ಮನೆಯಲ್ಲಿ ಸ್ವಿಚ್ಚಿನ ಬಣ್ಣ, ಫ್ಯಾನಿನ ಜಾಗ, ದೇವರ ಮನೆಯ ಲೈಟು ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಅರ್ಥಿಂಗ್, ಅಂದರೆ ಯಂತ್ರಗಳ ಲೋಹದ ಬಾಡಿಯನ್ನು ವೈರಿನಿಂದ ನೆಲದ ಗುಂಡಿಯಲ್ಲಿ ಹೂತ ಪೈಪಿಗೋ ಪ್ಲೇಟಿಗೋ ಕಟ್ಟುವ ವಿಷಯ ಬಂದರೆ "ಅದೇನೋ ಒಂದು ಗುಂಡಿ ತೆಗೆದು ಹಾಕಿಬಿಡಿ" ಅನ್ನುವಲ್ಲಿಗೆ ಮುಗಿಯುತ್ತದೆ. ಆಮೇಲೆ ಗೀಸರ್ ಜುಮ್ ಅಂದಾಗ ಫೋನ್ ಬರುತ್ತದೆ. ಆ ಫೋನುಗಳಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲವೂ ನಮ್ಮ ಕಡೆಯ 230 ವೋಲ್ಟ್ ಮನೆ ಸಪ್ಲೈಗೆ ಸಂಬಂಧಪಟ್ಟದ್ದು. ಒಂದು ಪ್ರಶ್ನೆ ಮಾತ್ರ ಅಮೆರಿಕದ ವೈರಿಂಗ್ ಬಗ್ಗೆ.

ಅರ್ಥಿಂಗ್ ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಕಳಿಸುವುದು ಅಲ್ವಾ?

ಶಾಲೆಯಲ್ಲಿ ನಾವೆಲ್ಲ ಹಾಗೇ ಕಲಿತಿದ್ದೇವೆ. ಅದು ಅರ್ಧ ಮಾತ್ರ ಸರಿ. ಭೂಮಿ ಕರೆಂಟನ್ನು ಕುಡಿದು ಅರಗಿಸಿಕೊಳ್ಳುವುದಿಲ್ಲ. ನಿಮ್ಮ ಬೀದಿಯ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಹೊರಟ ಕರೆಂಟು ತಿರುಗಿ ಅದೇ ಟಿಸಿಗೆ ಹೋಗಿ ಸೇರಬೇಕು. ಮಾಮೂಲಿ ದಾರಿ ನ್ಯೂಟ್ರಲ್ ವೈರು. ಟಿಸಿಯ ಬುಡದಲ್ಲಿ ಆ ನ್ಯೂಟ್ರಲ್ಲನ್ನು ನೆಲಕ್ಕೂ ಕಟ್ಟಿರುತ್ತಾರೆ. ಅದಕ್ಕೇ ಗೀಸರಿನ ಬಾಡಿಗೆ ಬಂದ ಕರೆಂಟು ನಿಮ್ಮ ಮನೆಯ ಗುಂಡಿಗೆ ಇಳಿದು, ಮಣ್ಣಿನ ಮೂಲಕ ಹೋಗಿ, ಟಿಸಿಯ ಗುಂಡಿಯಲ್ಲಿ ಮೇಲೆ ಹತ್ತುತ್ತದೆ. ನೆಲ ಬರೀ ಒಂದು ವಾಪಸ್ ದಾರಿ. ಅದೂ ತಗ್ಗು ದಿಣ್ಣೆಯ ದಾರಿ.

ಇದು ತಲೆಗೆ ಹೋದರೆ ಮುಂದಿನ ಉತ್ತರಗಳೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತವೆ.

ಗುಂಡಿ ಇದೆ, ಎಂಸಿಬಿ ಇದೆ. ಇನ್ನೇನು ಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಗುಂಡಿಯ ತಡೆ 5 ಓಮ್ ಅಂದುಕೊಳ್ಳಿ. ಅದು ಒಳ್ಳೆಯ ಗುಂಡಿಯೇ. ಟಿಸಿ ಕಡೆಯದ್ದೂ 5 ಓಮ್ ಇರಲಿ. ಒಟ್ಟು 10. ಗೀಸರಿನೊಳಗೆ ಫೇಸ್ ವೈರು (ಕರೆಂಟು ತರುವ ವೈರು) ಬಾಡಿಗೆ ತಾಗಿತು. 230ನ್ನು 10ರಿಂದ ಭಾಗಿಸಿದರೆ 23 ಆಂಪಿಯರ್ ಹರಿಯುತ್ತದೆ.

ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ, ಅಂದರೆ ಆಫ್ ಆಗುವ ಸ್ವಿಚ್ಚು. ಗೀಸರಿಗೆ ಹಾಕಿರುವುದು 16 ಆಂಪಿಯರ್ ಸಿ-ಟೈಪ್ ಎಂಸಿಬಿ. ಅದು ತಟ್ಟನೆ ಬೀಳಬೇಕಾದರೆ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 23 ಆಂಪಿಯರಿಗೆ ಅದು ನಿಧಾನವಾಗಿ ಬಿಸಿಯಾಗುತ್ತಾ ಕೂರುತ್ತದೆ. ಬೀಳಲು ಒಂದು ಗಂಟೆಯಾದರೂ ಹಿಡಿಯಬಹುದು. ಅಷ್ಟು ಹೊತ್ತೂ ಗೀಸರಿನ ಬಾಡಿಯ ಮೇಲೆ 23 × 5, ಅಂದರೆ 115 ವೋಲ್ಟ್ ನಿಂತಿರುತ್ತದೆ. ಒದ್ದೆ ಕಾಲಲ್ಲಿ ನಿಂತವರಿಗೆ ಅಷ್ಟು ಸಾಕು.

ನೋಡಿ, ಇಲ್ಲಿ ಗುಂಡಿಯೂ ಸರಿ ಇತ್ತು, ಎಂಸಿಬಿಯೂ ಸರಿ ಇತ್ತು. ಎರಡೂ ಸೇರಿ ಮನುಷ್ಯನನ್ನು ಉಳಿಸಲಿಲ್ಲ. ಎಂಸಿಬಿ ಇರುವುದು ವೈರು ಸುಡದಿರಲಿ ಅಂತ. ಮನುಷ್ಯರಿಗೆ ಬೇಕಾದ್ದು ಆರ್‌ಸಿಸಿಬಿ.

ಆರ್‌ಸಿಸಿಬಿ, ಇಎಲ್‌ಸಿಬಿ ಎರಡೂ ಒಂದೇನಾ? ಅದು ಮಾಡುವುದೇನು?

ಅಂಗಡಿಯಲ್ಲಿ ಎರಡು ಹೆಸರಿಗೂ ಒಂದೇ ಡಬ್ಬಿ ಕೊಡುತ್ತಾರೆ. ಹಳೆಯ ಕಾಲದ ಇಎಲ್‌ಸಿಬಿ ಅರ್ಥ್ ವೈರಿನ ವೋಲ್ಟೇಜ್ ನೋಡಿ ಬೀಳುತ್ತಿತ್ತು. ಅದು ಈಗ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ.

ಆರ್‌ಸಿಸಿಬಿಯದು ಕಿರಾಣಿ ಅಂಗಡಿಯ ಲೆಕ್ಕ. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದೆಷ್ಟು? ಎರಡೂ ತಾಳೆಯಾಗಬೇಕು. 30 ಮಿಲಿಆಂಪಿಯರ್ ಕಮ್ಮಿ ಬಂದರೆ ಎಲ್ಲೋ ಸೋರಿದೆ ಎಂದು ಮೇನ್ ಬೀಳಿಸುತ್ತದೆ. 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡ್ ಒಳಗೆ, 150ಕ್ಕೆ 40 ಮಿಲಿಸೆಕೆಂಡ್ ಒಳಗೆ ಬೀಳಬೇಕು. ಮನೆಯಲ್ಲಿ ಜನರ ರಕ್ಷಣೆಗೆ 30ರದ್ದೇ ತಗೊಳ್ಳಿ. 100 ಮತ್ತು 300 ಮಿಲಿಆಂಪಿಯರಿನವು ಬೆಂಕಿ ತಡೆಯಲು. ಸುಮ್ನೆ ಬೀಳುತ್ತಾ ಇರುತ್ತದೆ ಅಂತ ಕೆಲವರು 30 ತೆಗೆದು 100 ಹಾಕಿಸಿಕೊಳ್ಳುತ್ತಾರೆ. ಥರ್ಮಾಮೀಟರ್ ಜ್ವರ ತೋರಿಸಿತು ಅಂತ ಥರ್ಮಾಮೀಟರನ್ನೇ ಬಿಸಾಕಿದ ಹಾಗೆ ಅದು.

ಒಂದು ಎಚ್ಚರಿಕೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ನೀವು ಒಂದು ಬಲ್ಬಿನ ಹಾಗೆ ಕಾಣುತ್ತೀರಿ. ಹೋದದ್ದಷ್ಟೂ ವಾಪಸ್ ಬಂತು, ಲೆಕ್ಕ ಸರಿ. ಅದು ಬೀಳುವುದಿಲ್ಲ.

ಆರ್‌ಸಿಸಿಬಿ ಇದ್ದರೆ ಅರ್ಥ್ ಗುಂಡಿ ಬೇಡವಾ?

ಬೇಕು. ಗುಂಡಿ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ ನಿಜ. ಆದರೆ ಸೋರಿಕೆಗೆ ದಾರಿಯೇ ಇಲ್ಲದಾಗ ಅದು ಗೀಸರಿನ ಬಾಡಿಯಲ್ಲೇ ಕಾದು ಕೂರುತ್ತದೆ. ನೀವು ಮುಟ್ಟಿದ ಮೇಲೆ, ನಿಮ್ಮ ಮೈಯೇ ದಾರಿಯಾದ ಮೇಲೆ, ಆರ್‌ಸಿಸಿಬಿ ಬೀಳುತ್ತದೆ. ಗುಂಡಿ ಇದ್ದರೆ ವೈರು ಬಾಡಿಗೆ ತಾಗಿದ ಕ್ಷಣವೇ ಬೀಳುತ್ತದೆ. ಆಗ ನೀವು ಇನ್ನೂ ಹಾಸಿಗೆಯಲ್ಲೇ ಇರುತ್ತೀರಿ.

ಇನ್ನೊಂದು ವಿಷಯ. ಆರ್‌ಸಿಸಿಬಿ ಮೇಲಿನ 'ಟಿ' ಬಟನ್ ತಿಂಗಳಿಗೊಮ್ಮೆ ಒತ್ತಿ. ಅದು ಡಬ್ಬಿಯ ಒಳಗಿನ ಯಂತ್ರವನ್ನು ಮಾತ್ರ ಪರೀಕ್ಷೆ ಮಾಡುತ್ತದೆ. "ಬಟನ್ ಒತ್ತಿದೆ, ಬಿತ್ತು, ಅರ್ಥಿಂಗ್ ಚೆನ್ನಾಗಿದೆ" ಅನ್ನುವುದು ತಪ್ಪು ಲೆಕ್ಕ.

ಬಾಂಡಿಂಗ್ ಅಂತ ಬೇರೆ ಹೇಳುತ್ತಾರಲ್ಲ, ಅದೇನು?

ಅರ್ಥಿಂಗ್ ಅಂದರೆ ಲೋಹವನ್ನು ನೆಲಕ್ಕೆ ಕಟ್ಟುವುದು. ಬಾಂಡಿಂಗ್ ಅಂದರೆ ಲೋಹಕ್ಕೆ ಲೋಹ ಕಟ್ಟುವುದು. ಶಾಕ್ ಹೊಡೆಯುವುದು ಎರಡು ಜಾಗದ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದಾಗ ಮಾತ್ರ. ಹಳೆಯ ಬಾತ್‌ರೂಮು ನೆನಪು ಮಾಡಿಕೊಳ್ಳಿ. ಗೋಡೆಯೊಳಗೆ ಜಿಐ (ಸತು ಬಳಿದ ಕಬ್ಬಿಣದ) ಪೈಪು, ಮೇಲೆ ಗೀಸರ್, ಕೆಳಗೆ ಹಿತ್ತಾಳೆ ನಲ್ಲಿ. ಗೀಸರ್ ಬಾಡಿಗೆ 100 ವೋಲ್ಟ್ ಬಂತು, ನಲ್ಲಿ ನೆಲದ ಮಟ್ಟದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕೆಲಸ ಕೆಟ್ಟಿತು. ಅದೇ ಗೀಸರು, ಪೈಪು ಎರಡನ್ನೂ ಒಂದು ದಪ್ಪ ಹಸಿರು ವೈರಿನಲ್ಲಿ ಸೇರಿಸಿದ್ದರೆ ಎರಡೂ ಜೊತೆಯಲ್ಲೇ ಏರುತ್ತವೆ, ಜೊತೆಯಲ್ಲೇ ಇಳಿಯುತ್ತವೆ. ನಡುವೆ ವ್ಯತ್ಯಾಸವೇ ಇರುವುದಿಲ್ಲ.

ಈಗ ಎಲ್ಲ ಕಡೆ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಬಂದಿರುವುದರಿಂದ ಬಾತ್‌ರೂಮಿನಲ್ಲಿ ಈ ಕೆಲಸ ಕಮ್ಮಿಯಾಗಿದೆ. ಮೀಟರ್ ಬೋರ್ಡಿನಲ್ಲಿ ಮಾತ್ರ ಕಮ್ಮಿಯಾಗಿಲ್ಲ. ಕಬ್ಬಿಣದ ಮೀಟರ್ ಬಾಕ್ಸು, ಮೇನ್ ಸ್ವಿಚ್ಚಿನ ಡಬ್ಬಿ, ಡಿಬಿ (ಎಂಸಿಬಿಗಳನ್ನು ಕೂರಿಸಿದ ಡಬ್ಬಿ), ಡಿಬಿಯ ಬಾಗಿಲು ಎಲ್ಲವೂ ಒಂದೇ ಅರ್ಥ್ ಬಾರಿಗೆ, ಅಂದರೆ ಅರ್ಥ್ ವೈರುಗಳೆಲ್ಲ ಸೇರುವ ಲೋಹದ ಪಟ್ಟಿಗೆ ಬರಬೇಕು. ಇಲ್ಲಿ ನಾನು ಜಾಸ್ತಿ ನೋಡುವ ತಪ್ಪು ಬಣ್ಣದ್ದು. ಪೇಂಟ್ ಹೊಡೆದ ಬಾಕ್ಸಿನ ಮೇಲೆಯೇ ಲಗ್ (ವೈರಿನ ತುದಿಯ ಲೋಹದ ಬಳೆ) ಇಟ್ಟು ಬೋಲ್ಟ್ ಬಿಗಿದಿರುತ್ತಾರೆ. ನೋಡಲು ಭದ್ರ. ಮೀಟರ್ ಹಿಡಿದರೆ ಸಂಪರ್ಕವೇ ಇಲ್ಲ, ಯಾಕೆಂದರೆ ಪೇಂಟ್ ಒಂದು ಇನ್ಸುಲೇಷನ್. ಅಷ್ಟು ಜಾಗದಲ್ಲಿ ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿಯಬೇಕು. ಎರಡು ನಿಮಿಷದ ಕೆಲಸ.

ಸಾಕೆಟ್ಟಿನಲ್ಲಿ ಅರ್ಥ್ ಇಲ್ಲ. ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಕೊಟ್ಟರೆ ಆಗುತ್ತದೆ ಅಂದರು. ಹೌದಾ?

ದಯವಿಟ್ಟು ಬೇಡ. ಮನೆ ವೈರಿಂಗಿನಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಈ ಎರಡಿಂಚಿನ ತುಂಡು. ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಲ್ಬ್ ಉರಿಯುತ್ತದೆ, ಮೀಟರ್ 230 ತೋರಿಸುತ್ತದೆ.

ಈಗ ಒಂದು ಮಳೆಗಾಲದ ಸಂಜೆ ಕಂಬದಿಂದ ಬರುವ ನ್ಯೂಟ್ರಲ್ ಕಿತ್ತು ಹೋಯಿತು ಅಂದುಕೊಳ್ಳಿ. ಮನೆ ಕತ್ತಲು. ಆದರೆ ಫೇಸ್ ಬರುತ್ತಲೇ ಇದೆ. ಅದು ಆನ್ ಇರುವ ಫ್ಯಾನು, ಟಿವಿ, ಬಲ್ಬಿನ ಮೂಲಕ ಹಾದು ನ್ಯೂಟ್ರಲ್ ಬಾರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಆ ತುಂಡು ವೈರಿನಲ್ಲಿ ಫ್ರಿಜ್ಜಿನ ಬಾಡಿಗೆ ಬರುತ್ತದೆ. ಕರೆಂಟ್ ಹೋಗಿದೆ ಅಂತ ನೀವು ಮೇಣದಬತ್ತಿ ಹುಡುಕುತ್ತಾ ಫ್ರಿಜ್ಜಿಗೆ ಕೈ ಇಡುತ್ತೀರಿ. ಎಂಸಿಬಿಯ ಪಾಲಿಗೆ ಏನೂ ಆಗಿಲ್ಲ.

ಕಂಬದ ಕೆಲಸ ಮಾಡುವಾಗ ಎರಡು ವೈರು ಅದಲು ಬದಲಾದರೆ ಕತೆ ಇನ್ನೂ ಕೆಟ್ಟದ್ದು. ಆಗ ಫೇಸ್ ನೇರವಾಗಿ ಬಾಡಿಗೇ ಬರುತ್ತದೆ.

ಅರ್ಥ್ ಇಲ್ಲದ ಸಾಕೆಟ್ಟಿಗೆ ಸರಿಯಾದ ಉಪಾಯ ಒಂದೇ. ಡಿಬಿಯಿಂದ ಹಸಿರು ವೈರು ಎಳೆಯಿರಿ. ಪೈಪಿನಲ್ಲಿ ಜಾಗ ಇಲ್ಲದಿದ್ದರೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹಾಕಿ. ಚೆಂದ ಕಾಣುವುದಿಲ್ಲ, ಅಷ್ಟೇ.

ನನ್ನ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಮೇನ್ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ಲೂ ಅರ್ಥೂ ಒಟ್ಟಿಗೇ ಸೇರಿಸುತ್ತಾರೆ ಅಂತಾನೆ. ಅಲ್ಲಿ ಸರಿ, ಇಲ್ಲಿ ತಪ್ಪು ಹೇಗೆ?

ನಿಮ್ಮ ತಮ್ಮ ಹೇಳಿದ್ದು ಸರಿ. ಅಮೆರಿಕದ ಎನ್‌ಇಸಿ ಎಂಬ ವೈರಿಂಗ್ ನಿಯಮಗಳಲ್ಲಿ 250ನೇ ಆರ್ಟಿಕಲ್ ಪೂರ್ತಿ ಈ ವಿಷಯಕ್ಕೇ ಮೀಸಲು. ಅಲ್ಲಿ ಸರ್ವಿಸ್ ಮನೆಗೆ ಬರುವ ಮೊದಲ ಮೇನ್ ಸ್ವಿಚ್ಚಿನಲ್ಲಿ ಮಾತ್ರ ನ್ಯೂಟ್ರಲ್, ಅರ್ಥ್, ಬಾಕ್ಸಿನ ಬಾಡಿ ಮೂರನ್ನೂ ಒಂದು ದಪ್ಪ ಪಟ್ಟಿಯಿಂದಲೋ ಹಸಿರು ಸ್ಕ್ರೂವಿನಿಂದಲೋ ಸೇರಿಸುತ್ತಾರೆ. ಅದಕ್ಕೆ ಮೇನ್ ಬಾಂಡಿಂಗ್ ಜಂಪರ್ ಅನ್ನುತ್ತಾರೆ. ಅಲ್ಲಿಂದ ಮುಂದೆ, ಗ್ಯಾರೇಜಿನ ಸಬ್ ಪ್ಯಾನೆಲ್ ಇರಲಿ, ಸಾಕೆಟ್ ಇರಲಿ, ಮತ್ತೆ ಸೇರಿಸುವಂತಿಲ್ಲ.

ಯಾಕೆ ಹಾಗೆ? ಅಲ್ಲಿ ಫಾಲ್ಟ್ ಕರೆಂಟು, ಅಂದರೆ ಬಾಡಿಗೆ ಸೋರಿದ ಕರೆಂಟು, ಮಣ್ಣನ್ನು ನಂಬಿ ಕೂರುವುದಿಲ್ಲ. ಮೇನ್ ಪ್ಯಾನೆಲ್ಲಿನ ಜಂಪರ್ ದಾಟಿ ನ್ಯೂಟ್ರಲ್ ವೈರಿನಲ್ಲೇ ಟ್ರಾನ್ಸ್‌ಫಾರ್ಮರಿಗೆ ಓಡುತ್ತದೆ. ತಾಮ್ರ, ಅಲ್ಯೂಮಿನಿಯಮ್ಮಿನ ದಾರಿ. ನೂರಾರು ಆಂಪಿಯರ್ ಹರಿದು ಬ್ರೇಕರ್ ಪಟ್ ಅಂತ ಬೀಳುತ್ತದೆ. ಭೂಮಿಯನ್ನು ಫಾಲ್ಟ್ ಕರೆಂಟಿನ ದಾರಿಯೆಂದು ಲೆಕ್ಕಕ್ಕೆ ಹಿಡಿಯಬಾರದು ಅಂತ ಆ ನಿಯಮದಲ್ಲೇ ಬರೆದಿದೆ. ಅಲ್ಲಿ ಒಂದೇ ರಾಡ್ ಹಾಕಿದರೆ ಅದು 25 ಓಮ್ ಒಳಗೆ ಇರಬೇಕು, ಇಲ್ಲದಿದ್ದರೆ ಇನ್ನೊಂದು ಹೊಡೆಯಬೇಕು. 120 ವೋಲ್ಟನ್ನು 25ರಿಂದ ಭಾಗಿಸಿ ನೋಡಿ, 4.8 ಆಂಪಿಯರ್. 15 ಆಂಪಿಯರಿನ ಬ್ರೇಕರ್ ಅದಕ್ಕೆ ಯಾವತ್ತೂ ಬೀಳುವುದಿಲ್ಲ. ಆ ರಾಡ್ ಇರುವುದು ಸಿಡಿಲಿಗೆ, ಲೈನಿನ ಏರಿಳಿತಕ್ಕೆ.

ನಮ್ಮಲ್ಲಿ ಮನೆ ಮನೆಗೆ ಹೀಗೆ ಸೇರಿಸುವ ಪದ್ಧತಿ ಇಲ್ಲ. ಸಪ್ಲೈ ಕೊಡುವವರು ಮೀಟರಿನ ಹತ್ತಿರ ಒಂದು ಅರ್ಥ್ ಟರ್ಮಿನಲ್ ಕೊಡಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲಿದೆ. ನಾನು ಕೆಲಸ ಮಾಡಿದ ಬಹಳಷ್ಟು ಮನೆಗಳಲ್ಲಿ ಕಂಬದಿಂದ ಬಂದಿರುವುದು ಎರಡೇ ವೈರು, ಅರ್ಥ್ ಅಂದರೆ ಸ್ವಂತ ಗುಂಡಿಯೇ. ಹಾಗಿರುವಾಗ ಅಮೆರಿಕದ ಜಂಪರ್ ಇಲ್ಲಿಗೆ ತರಬಾರದು. ಇಲ್ಲಿ ಆರ್‌ಸಿಸಿಬಿಯೇ ಗತಿ.

ಗುಂಡಿ ಹೇಗಿರಬೇಕು?

ಐಎಸ್ 3043 ನಮ್ಮ ದೇಶದ ಅರ್ಥಿಂಗ್ ಕೈಪಿಡಿ. ಪೈಪ್ ಅರ್ಥಿಂಗ್ ಆದರೆ ಒಳ ಅಳತೆ 38 ಮಿಲಿಮೀಟರಿಗೆ ಕಮ್ಮಿಯಿಲ್ಲದ ಜಿಐ ಪೈಪು, 2.5 ಮೀಟರ್ ಉದ್ದ. ಪ್ಲೇಟ್ ಆದರೆ 600 × 600 ಮಿಲಿಮೀಟರ್, ಮೇಲ್ಭಾಗ ನೆಲದಿಂದ 1.5 ಮೀಟರ್ ಆದರೂ ಕೆಳಗೆ. ಕಟ್ಟಡದಿಂದ 1.5 ಮೀಟರ್ ದೂರ. ಪೈಪಿನ ಮೇಲೆ ನೀರು ಹಾಕಲು ಒಂದು ಕೊಳವೆ, ಸುತ್ತ ಇಟ್ಟಿಗೆ ಕಟ್ಟಿ ಮುಚ್ಚಳ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚಬೇಡಿ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ತಡೆ ಎಷ್ಟಿರಬೇಕು ಅಂದರೆ, ಮನೆಗೆ 5 ಓಮ್ ಒಳಗೆ ಬಂದರೆ ಚೆನ್ನಾಗಿದೆ ಅನ್ನುವುದು ನಮ್ಮ ಕಡೆಯ ವಾಡಿಕೆ.

ಉಪ್ಪು, ಇದ್ದಿಲು ಹಾಕಲೇಬೇಕಾ?

ಇದ್ದಿಲು ತೇವ ಹಿಡಿದಿಡುತ್ತದೆ. ಉಪ್ಪು ಮಣ್ಣಿನ ತಡೆ ಇಳಿಸುತ್ತದೆ. ಆದರೆ ಅದೇ ಉಪ್ಪು ಪೈಪನ್ನೂ ತಿನ್ನುತ್ತದೆ, ಮಳೆಗೆ ಕರಗಿಯೂ ಹೋಗುತ್ತದೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಬೆಂಟೊನೈಟ್ ಎಂಬ ಜೇಡಿಮಣ್ಣು ಹಾಕುವುದು ಮೇಲು. ಅದು ನೀರು ಕುಡಿದು ಉಬ್ಬಿ ಪೈಪಿಗೆ ಅಂಟಿಕೊಂಡಿರುತ್ತದೆ.

ನಮ್ಮದು ಬಂಡೆ ಜಾಗ. ಮೂರಡಿ ಅಗೆದರೆ ಕಲ್ಲು. ಏನು ಮಾಡಲಿ?

ಆಳ ಸಿಗದಿದ್ದರೆ ಅಗಲ ಹೋಗಿ. ಗುಂಡಿಯ ತಡೆಯ ಬಹುಭಾಗ ಪೈಪಿನ ಸುತ್ತಲ ಮೊದಲ ಕೆಲವು ಅಡಿ ಮಣ್ಣಿನಲ್ಲೇ ಇರುತ್ತದೆ. ಹಾಗಾಗಿ ಉದ್ದಕ್ಕೆ ಒಂದು ಕಾಲುವೆ ತೋಡಿ ಜಿಐ ಪಟ್ಟಿ ಮಲಗಿಸಿದರೂ ಆಗುತ್ತದೆ. ಎರಡು ಗುಂಡಿ ಮಾಡಿದರೆ ನಡುವೆ ಪೈಪಿನ ಉದ್ದದ ಎರಡರಷ್ಟು ಅಂತರ ಇರಲಿ. ಪಕ್ಕಪಕ್ಕದಲ್ಲೇ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭ ಕಮ್ಮಿ.

ಉತ್ತರ ಕರ್ನಾಟಕದ ಎರೆ ಭೂಮಿಯವರಿಗೆ ಬೇರೆ ತಲೆನೋವು. ಒದ್ದೆಯಿದ್ದಾಗ ಆ ಮಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪನ್ನೇ ಬಿಟ್ಟು ನಿಲ್ಲುತ್ತದೆ. ಅದಕ್ಕೇ ತಡೆ ಅಳೆಯುವುದಾದರೆ ಏಪ್ರಿಲ್‌ನಲ್ಲಿ ಅಳೆಯಿರಿ. ಶ್ರಾವಣದಲ್ಲಿ ಎಲ್ಲರ ಗುಂಡಿಯೂ ಪಾಸಾಗುತ್ತದೆ.

ಹೊಸ ಮನೆಯಾದರೆ ಪಾಯದ ಕಬ್ಬಿಣವನ್ನೇ ಬಳಸಬಹುದು. 1940ರ ದಶಕದಲ್ಲಿ ಅರಿಜೋನಾದ ಒಣ ಮರುಭೂಮಿಯಲ್ಲಿ ಮದ್ದುಗುಂಡಿನ ಗೋದಾಮುಗಳಿಗೆ ಅರ್ಥಿಂಗ್ ಸಿಗದೆ ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಇದನ್ನು ಮಾಡಿ ತೋರಿಸಿದರು. ನೆಲದೊಳಗಿನ ಕಾಂಕ್ರೀಟು ತೇವ ಬಿಡುವುದಿಲ್ಲ, ಅದೇ ಗುಟ್ಟು. ಆದರೆ ಕಾಂಕ್ರೀಟ್ ಸುರಿಯುವ ಮೊದಲೇ ಎಲೆಕ್ಟ್ರಿಷಿಯನ್ ಬರಬೇಕು. ನಮ್ಮಲ್ಲಿ ಅವನನ್ನು ಕರೆಯುವುದು ಗೋಡೆ ಎದ್ದ ಮೇಲೆ.

ಗುಂಡಿ ಹಾಕಿ ಹದಿನೈದು ವರ್ಷ ಆಯಿತು. ಇನ್ನೂ ಸರಿ ಇರುತ್ತಾ?

ನೋಡದೆ ಹೇಳಲಾಗುವುದಿಲ್ಲ. ತುಮಕೂರಿನ ಹತ್ತಿರ ಒಂದು ಹಳೆಯ ಮನೆಯಲ್ಲಿ ಗುಂಡಿಯ ಮುಚ್ಚಳ ತೆಗೆಸಿದೆ. ಮೇಲೆ ಒಂದು ಒಣಗಿದ ತುಳಸಿ ಕುಂಡ, ಅದರಡಿಯಲ್ಲಿ ಮುಚ್ಚಳ. ಪೈಪು ಗಟ್ಟಿಯಾಗಿಯೇ ಇತ್ತು. ಮೀಟರ್ ಬೋರ್ಡಿನಿಂದ ಬಂದ ತಾಮ್ರದ ವೈರನ್ನು ಪೈಪಿಗೆ ನಾಲ್ಕು ಸುತ್ತು ಸುತ್ತಿ ಬಿಟ್ಟಿದ್ದರು, ಕ್ಲ್ಯಾಂಪ್ ಇಲ್ಲ. ಸುತ್ತಿದ ಜಾಗದಲ್ಲಿ ಹಸಿರು ಪುಡಿ, ಅದರಡಿ ಕೆಂಪು ತುಕ್ಕು. ಬೆರಳಲ್ಲಿ ಮುಟ್ಟಿದೆ, ವೈರು ಕಳಚಿ ಕೈಗೆ ಬಂತು. ಮನೆಯವರು ಹದಿನೈದು ವರ್ಷ ತಪ್ಪದೆ ಆ ಗುಂಡಿಗೆ ನೀರು ಹಾಕಿದ್ದರು.

ತಾಮ್ರ, ಸತು ಬಳಿದ ಕಬ್ಬಿಣ ಎರಡನ್ನು ನೇರವಾಗಿ ಸೇರಿಸಿ ತೇವದಲ್ಲಿಟ್ಟರೆ ಸತುವೂ ಕಬ್ಬಿಣವೂ ಸವೆಯುತ್ತವೆ. ತವರ ಬಳಿದ ಲಗ್, ಸರಿಯಾದ ಕ್ಲ್ಯಾಂಪ್, ಬೋಲ್ಟ್ ಹಾಕಿ. ಗುಂಡಿ ಕೆಡುವುದು ಹೆಚ್ಚಾಗಿ ಈ ಜೋಡಣೆಯ ಜಾಗದಲ್ಲೇ.

ಬೇರೆಯವರದ್ದೇಕೆ, ನನ್ನ ಮನೆಯಲ್ಲೇ ವಾಷಿಂಗ್ ಮಷಿನ್ ಜುಮ್ ಅನ್ನುತ್ತಿತ್ತು. ಗುಂಡಿಗೆ ನೀರು ಹಾಕಿದೆ, ಬೈದುಕೊಂಡೆ. ಕೊನೆಗೆ ನೋಡಿದರೆ ಸಾಕೆಟ್ಟಿನ ಅರ್ಥ್ ಸ್ಕ್ರೂ ಸಡಿಲ. ಹಾಕಿದವನು ನಾನೇ.

ಬಲ್ಬ್ ಹಿಡಿದು ಅರ್ಥಿಂಗ್ ಟೆಸ್ಟ್ ಮಾಡಬಹುದಾ?

ಫೇಸ್ ಮತ್ತು ಅರ್ಥ್ ನಡುವೆ ಬಲ್ಬ್ ಹಿಡಿಯುವುದು ಹಳೆಯ ಪದ್ಧತಿ. ಅದರಲ್ಲಿ ಎರಡು ತೊಂದರೆ ಇದೆ. 60 ವಾಟ್ ಬಲ್ಬಿನದೇ ತಡೆ ಉರಿಯುವಾಗ ಸುಮಾರು 880 ಓಮ್. ಗುಂಡಿ 5 ಓಮ್ ಇರಲಿ, 50 ಇರಲಿ, ಬಲ್ಬ್ ಹೆಚ್ಚುಕಮ್ಮಿ ಒಂದೇ ಥರ ಉರಿಯುತ್ತದೆ. ಎರಡನೆಯದು, ಅರ್ಥ್ ವೈರು ನಡುವೆ ತುಂಡಾಗಿದ್ದರೆ ನೀವು ಬಲ್ಬ್ ಹಿಡಿದ ಕ್ಷಣ ಆ ವೈರಿಗೆ ಸೇರಿದ ಎಲ್ಲ ಯಂತ್ರಗಳ ಬಾಡಿಗೂ ಕರೆಂಟ್ ಬಿಟ್ಟ ಹಾಗಾಗುತ್ತದೆ. ಆಗ ಅಡುಗೆಮನೆಯಲ್ಲಿ ಯಾರೋ ಗ್ರೈಂಡರ್ ಮುಟ್ಟಿರುತ್ತಾರೆ. ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ. ಎರಡು ಮೊಳೆ ನೆಲಕ್ಕೆ ಹೊಡೆದು ಓಮ್ ಲೆಕ್ಕದಲ್ಲಿ ಹೇಳುತ್ತಾರೆ.

ಅರ್ಥ್ ವೈರು ಎಷ್ಟು ದಪ್ಪ ಇರಬೇಕು?

ಫೇಸ್ ವೈರು 16 ಚದರ ಮಿಲಿಮೀಟರ್‌ವರೆಗೆ ಇದ್ದರೆ ಅರ್ಥ್ ಕೂಡ ಅಷ್ಟೇ. ಹಸಿರು ಅಥವಾ ಹಸಿರು-ಹಳದಿ ಬಣ್ಣದ್ದೇ ಇರಲಿ. ಉಳಿದಿದೆ ಅಂತ ಹಸಿರು ವೈರನ್ನು ಫೇಸಿಗೆ ಬಳಸುವವರ ಕೈಗೆ ಕೆಲಸ ಕೊಡಬೇಡಿ.

ಲ್ಯಾಪ್‌ಟಾಪ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಅಪಾಯವಾ?

ಎರಡು ಪಿನ್ನಿನ ಚಾರ್ಜರ್ ಆದರೆ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಬರುವ ಚೂರು ಕರೆಂಟು ಅದು, ಸಾಮಾನ್ಯವಾಗಿ 1 ಮಿಲಿಆಂಪಿಯರಿಗಿಂತ ಕಮ್ಮಿ. ಮೂರು ಪಿನ್ನಿನದಾಗಿದ್ದೂ ಜುಮ್ ಅಂದರೆ ನಿಮ್ಮ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲ ಅಂತ ಅರ್ಥ.

ಸಿಡಿಲಿಗೆ ಬೇರೆ, ಕಂಪ್ಯೂಟರಿಗೆ ಬೇರೆ, ಮನೆಗೆ ಬೇರೆ ಗುಂಡಿ ಮಾಡಿಸಬೇಕಾ?

ಗುಂಡಿ ಎಷ್ಟಾದರೂ ಮಾಡಿ, ಕೊನೆಗೆ ಎಲ್ಲವನ್ನೂ ಒಂದಕ್ಕೊಂದು ಕಟ್ಟಿ. ಬಿಡಿಬಿಡಿಯಾಗಿ ಬಿಟ್ಟರೆ ಸಿಡಿಲು ಬಡಿದಾಗ ಒಂದು ಗುಂಡಿಯ ಕಡೆ ಸಾವಿರಾರು ವೋಲ್ಟ್ ಏರುತ್ತದೆ, ಇನ್ನೊಂದು ಕೆಳಗೇ ಇರುತ್ತದೆ. ಆ ವ್ಯತ್ಯಾಸ ನಿಮ್ಮ ಕಂಪ್ಯೂಟರಿನೊಳಗೆ ಹಾರುತ್ತದೆ.

ತೋಟದ ಪಂಪ್‌ಸೆಟ್ಟಿಗೆ ಏನಾದರೂ ವಿಶೇಷ ಇದೆಯಾ?

ಮೂರು ಫೇಸಿನ ಮೋಟರಿನ ಬಾಡಿಗೆ ಎರಡು ಬೇರೆ ಬೇರೆ ಅರ್ಥ್ ವೈರು ಕೊಡಬೇಕು. ಒಂದು ಕಡಿದರೆ ಇನ್ನೊಂದು ಇರಲಿ ಅಂತ. ಸ್ಟಾರ್ಟರಿನ ಕಬ್ಬಿಣದ ಡಬ್ಬಿಗೂ ಕೊಡಿ. ಬೆಳಿಗ್ಗೆ ಇಬ್ಬನಿಯಲ್ಲಿ ಬರಿಗಾಲಲ್ಲಿ ಹೋಗಿ ಮುಟ್ಟುವುದು ಅದನ್ನೇ.

ಇನ್ನು ಕೆಲವು ಕಡೆ ನ್ಯೂಟ್ರಲ್ ಇಲ್ಲದ್ದಕ್ಕೆ ಒಂದು ಫೇಸ್ ಎಳೆದು, ನೆಲಕ್ಕೆ ಕಂಬಿ ಹೊಡೆದು ತೋಟದ ಮನೆಯ ಲೈಟ್ ಉರಿಸುತ್ತಾರೆ. ಮೊದಲೇ ಹೇಳಿದೆನಲ್ಲ, ನೆಲ ವಾಪಸ್ ದಾರಿ. ಆ ಕಂಬಿಯ ಸುತ್ತ ಹೆಜ್ಜೆ ಹೆಜ್ಜೆಗೂ ವೋಲ್ಟೇಜ್ ಬೇರೆ ಬೇರೆ. ಮನುಷ್ಯನ ಹೆಜ್ಜೆ ಚಿಕ್ಕದು, ಕಾಲಲ್ಲಿ ಚಪ್ಪಲಿಯೂ ಇರುತ್ತದೆ. ದನದ ಮುಂಗಾಲು ಹಿಂಗಾಲಿನ ನಡುವೆ ನಾಲ್ಕೈದು ಅಡಿ ಅಂತರ, ಕರೆಂಟಿನ ದಾರಿಯಲ್ಲೇ ಎದೆ. ಮಳೆ ಬಿದ್ದ ದಿನ ಕಂಬದ ಹತ್ತಿರ ದನ ಬಿದ್ದು ಸತ್ತರೆ ಎಷ್ಟೋ ಸಲ ಕಾರಣ ಇಂಥದ್ದೇ.

ಇನ್‌ವರ್ಟರ್ ಹಾಕಿಸಿದ ಮೇಲೆ ಆರ್‌ಸಿಸಿಬಿ ಬೀಳುತ್ತಲೇ ಇದೆ.

ಇನ್‌ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಮೇನ್ ಲೈನಿನ ನ್ಯೂಟ್ರಲ್ ಜೊತೆ ಎಲ್ಲೋ ಸೇರಿಸಿದ್ದಾರೆ. ಲೆಕ್ಕ ತಪ್ಪುತ್ತಿದೆ. ಎರಡನ್ನೂ ಬಿಡಿಸಿ. ಆರ್‌ಸಿಸಿಬಿ ತೆಗೆಯಬೇಡಿ.

ಬಾಡಿಗೆ ಮನೆಯಲ್ಲಿದ್ದೇನೆ. ಗುಂಡಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೀಟರ್ ಬೋರ್ಡಿನ ಹತ್ತಿರ ನಿಲ್ಲಿ. ಏನನ್ನೂ ಬಿಚ್ಚಬೇಡಿ, ಸುಮ್ನೆ ನೋಡಿ. ಬಾಕ್ಸಿನಿಂದ ಹಸಿರು ವೈರೋ, ಬರಿ ತಾಮ್ರದ ತಂತಿಯೋ, ಜಿಐ ಪಟ್ಟಿಯೋ ಗೋಡೆಗುಂಟ ಕೆಳಗಿಳಿದಿರುತ್ತದೆ. ಅದರ ಹಿಂದೆ ಹೋಗಿ. ಕಾಂಪೌಂಡಿನ ಮೂಲೆ, ಸಂಪಿನ ಪಕ್ಕ, ಕಾರ್ ನಿಲ್ಲಿಸುವ ಜಾಗದ ಟೈಲ್ಸ್ ಅಡಿ, ಎಲ್ಲಾದರೂ ಸಿಗುತ್ತದೆ. ವೈರು ನೆಲಕ್ಕೆ ಇಳಿಯುವ ಮೊದಲೇ ಮುಗಿದುಹೋಗಿದ್ದರೆ ಫೋಟೊ ತೆಗೆದು ಓನರಿಗೆ ಕಳಿಸಿ. ಗುಂಡಿ ಮಾಡುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರದ್ದು. ಅವರು ಬರುವವರೆಗೆ ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ನೋಡಿಕೊಳ್ಳಿ, ಸ್ನಾನಕ್ಕೆ ಹೋಗುವ ಮೊದಲು ಗೀಸರಿನ ಸ್ವಿಚ್ ಆಫ್ ಮಾಡಿ.